ಜಮಖಂಡಿಯಲ್ಲಿ ಕಂಡ ಸೂರ್ಯರೇಖೆ

ಶಾಲಿವಾಹನ ಶಕ 1790ನೆಯ ವಿಭವ ಸಂವತ್ಸರದ ಶ್ರಾವಣ ಬಹುಳ ಅಮಾವಾಸ್ಯೆ, ಮಂಗಳವಾರ, ಎಂದರೆ ಕ್ರಿ. ಶ. 1868ನೆಯ ಇಸವಿ ಆಗಸ್ಟ್ 18ನೆಯ ತಾರೀಖಿನ ದಿನ, ಭರತಖಂಡದಲ್ಲಿ ಖಗ್ರಾಸ ಸೂರ್ಯಗ್ರಹಣವೊಂದು ಸಂಭವಿಸಿತು. ಚಂದ್ರನ ನೆರಳು ಏಡನ್ ಬಂದರಿನ ಕಡೆಯಿಂದ ಪಶ್ಚಿಮ ಸಮುದ್ರವನ್ನು ದಾಟಿ, ವಿಜಾಪುರ ಪ್ರಾಂತವನ್ನು ಹಾಯ್ದು, ಗುಂಟೂರು ಮಚಲೀಪಟ್ಟಣಗಳ ಮೇಲಿಂದ ಸಯಾಮ ದೇಶದತ್ತ ಸಾಗಿತು. ಸಯಾಮದ ಕೊಲ್ಲಿಯ ಬಳಿ ಸೂರ್ಯನು ಆರೂಮುಕ್ಕಾಲು ನಿಮಿಷಗಳವರೆಗೆ ಪೂರ್ಣವಾಗಿ ಮರೆಯಾಗಿದ್ದನು. ಇಷ್ಟು ದೀರ್ಘವಾದ ಗ್ರಹಣವು ಅಪೂರ್ವವಾದುದರಿಂದ ಯೂರೋಪಿನ ಜ್ಯೋತಿರ್ವಿದರು ಸಮುದ್ರಯಾನ ಮಾಡಿ ನಮ್ಮ ದೇಶಕ್ಕೆ ಬಂದಿಳಿದರು.

ಅವರಿಗೆ ಬೇಕಾಗಿದ್ದುದು ಗ್ರಹಣದ ಸೊಬಗಲ್ಲ. ಖಗ್ರಾಸಕಾಲದಲ್ಲಿ ಸೂರ್ಯನ ಅಂಚಿನಿಂದ ಕೆಂಪು ಜ್ವಾಲೆಗಳು ಹೊರಚಾಚಿದಂತೆ ತೋರುವುವು. ಇವು ಯಾವ ದ್ರವ್ಯದಿಂದಾದುವು? ಒಂಬತ್ತು ವರ್ಷಗಳ ಹಿಂದೆ, 1859ರಲ್ಲಿ, ಬುನ್ಸೆನ್ ಮತ್ತು ಕಿರ್ಖಾಫ್ ಎಂಬ ಜರ್ಮನ್ ಪಂಡಿತರು ಬೆಳಕನ್ನು ಗಾಜಿನ ಪಟ್ಟಕದ ಮೂಲಕ ಬಣ್ಣಬಣ್ಣವಾಗಿ ಬಿಡಿಸಿ ಅದರ ಮೂಲದ್ರವ್ಯವನ್ನು ಗುರುತಿಸುವ ಮಾರ್ಗವನ್ನು ತೋರಿಸಿದ್ದರು. ಉರಿಯುವ ಪ್ರತಿಯೊಂದು ಅನಿಲಕ್ಕೂ ತನ್ನವೇ ಆದ ಉಜ್ವಲ ರೇಖೆಗಳುಂಟು. ಅಡಿಗೆಯ ಉಪ್ಪನ್ನು ಉರಿಗೆ ಎಸೆದರೆ ಹಳದಿಯ ಪ್ರಭೆ ಹೊಮ್ಮುವುದು ಅದರೊಳಗಿನ ಸೋಡಿಯಂ ಧಾತುವಿನ ಗುರುತು. ಈ ಗುರುತುಗಳನ್ನು ಸೂರ್ಯನ ಜ್ವಾಲೆಯಲ್ಲಿ ಹುಡುಕಬೇಕೆಂಬುದೇ ಆ ಯಾತ್ರೆಯ ಉದ್ದೇಶ.

ಇಂದು ಬಾಗಲಕೋಟೆ ಜಿಲ್ಲೆಗೆ ಸೇರಿರುವ, ಆಗ ಪಟವರ್ಧನ ಸಂಸ್ಥಾನಿಕರ ರಾಜಧಾನಿಯಾಗಿದ್ದ ಜಮಖಂಡಿಗೆ ಬಂದವನು ಲೆಫ್ಟಿನೆಂಟ್ ಜಾನ್ ಹರ್ಷೆಲ್. ಇವನು ಭೂಮಾಪನ ಇಲಾಖೆಯ ಅಧಿಕಾರಿ. ಯುರೇನಸ್ ಗ್ರಹವನ್ನು 1781ರಲ್ಲಿ ಕಂಡುಹಿಡಿದ ವಿಲಿಯಂ ಹರ್ಷೆಲ್ಲನ ಮೊಮ್ಮಗ. ಲಂಡನ್ನಿನ ರಾಯಲ್ ಸೊಸೈಟಿಯವರು ಉಪಕರಣಗಳನ್ನು ಒದಗಿಸಿದ್ದರು. ಆದರೆ ಶ್ರಾವಣದ ಆಕಾಶವು ಯಾರ ಉಪಕರಣವನ್ನು ಲೆಕ್ಕಿಸೀತು? ಗ್ರಹಣದ ಹೊತ್ತಿಗೆ ಮೋಡ ಕವಿದಿತ್ತು. ಮೋಡಗಳ ಸಂದಿಯಲ್ಲಿ ದೊರೆತ ಅಲ್ಪಾವಕಾಶದಲ್ಲಿ ಹರ್ಷೆಲ್ಲನು ಮೂರು ಉಜ್ವಲ ರೇಖೆಗಳನ್ನು ಕಂಡನು: ಕೆಂಪು, ಕಿತ್ತಳೆ, ನೀಲಿ. ಜ್ವಾಲೆಯು ಅನಿಲಮಯವೆಂಬುದು ಅಲ್ಲಿಗೆ ನಿಶ್ಚಯವಾಯಿತು. ಕೆಂಪು ನೀಲಿಗಳು ಜಲಜನಕದವು. ನಡುವಿನದು ಸೋಡಿಯಮ್ಮಿನ ರೇಖೆಯೆಂದೇ ಅವನು ಭಾವಿಸಿದನು. ತಪ್ಪಿದುದು ಅಲ್ಲಿಯೇ. ಆದರೂ ಅವನನ್ನು ಹಳಿಯುವುದು ನ್ಯಾಯವಲ್ಲ. ಎರಡು ರೇಖೆಗಳ ನಡುವಿನ ಕೂದಲೆಳೆಯಷ್ಟು ಅಂತರವನ್ನು ಅಳೆಯಲು ಆ ಮೋಡಗಳು ಅವನಿಗೆ ಸಮಯವನ್ನೆಲ್ಲಿ ಕೊಟ್ಟುವು?

ಗುಂಟೂರಿನಲ್ಲಿದ್ದ ಫ್ರಾನ್ಸ್ ದೇಶದ ಜಾನ್ಸೆನ್ನನಿಗೆ ಮತ್ತೊಂದು ಯೋಚನೆ ಹೊಳೆಯಿತು. ಇಷ್ಟು ಪ್ರಕಾಶವುಳ್ಳ ರೇಖೆಗಳನ್ನು ನೋಡಲು ಗ್ರಹಣವೇ ಏತಕ್ಕೆ? ಮರುದಿನ ಬೆಳಗಿನ ತುಂಬು ಬಿಸಿಲಿನಲ್ಲಿಯೇ ಅವನು ಅವುಗಳನ್ನು ಕಂಡನು. ಇದನ್ನರಿಯದೆ ಇಂಗ್ಲೆಂಡಿನ ಲಾಕ್ಯರ್ ಎಂಬಾತನು ಅಕ್ಟೋಬರ್ 20ರಂದು ಗ್ರಹಣವಿಲ್ಲದೆಯೇ ಅದನ್ನು ಸಾಧಿಸಿದನು. ಇಬ್ಬರ ಪತ್ರಗಳೂ ಪ್ಯಾರಿಸಿನ ವಿದ್ವತ್ಸಭೆಯ ಮುಂದೆ ಒಂದೇ ದಿನ ಬಂದುವು. ಯಾರು ಮೊದಲೆಂಬ ವಿವಾದಕ್ಕೆ ಎಡೆಗೊಡದೆ ಫ್ರಾನ್ಸಿನ ಸರಕಾರವು ಇಬ್ಬರ ಮುಖಗಳನ್ನೂ ಒಂದೇ ಪದಕದಲ್ಲಿ ಅಚ್ಚೊತ್ತಿಸಿತು. ವಿದ್ವಾಂಸರ ವ್ಯಾಜ್ಯವು ಇಷ್ಟು ಸೌಜನ್ಯದಿಂದ ತೀರುವುದು ಅಪರೂಪವೇ ಸರಿ.

ಗುಂಟೂರಿನ ಆ ದಿನವೇ ಹೀಲಿಯಂ ಕಂಡುಹಿಡಿಯಲ್ಪಟ್ಟಿತೆಂದು ಎಷ್ಟೋ ಪುಸ್ತಕಗಳು ಹೇಳುವುದುಂಟು; ಅದು ಸಡಿಲವಾದ ಮಾತು. ಹಳದಿಯ ರೇಖೆಯು ಸೋಡಿಯಮ್ಮಿನ ಸ್ಥಾನದಿಂದ ತುಸು ಹಸುರಿನ ಕಡೆಗೆ ಸರಿದಿದೆಯೆಂದು ಸಾವಧಾನದಿಂದ ಅಳೆದು, ಇದು ಭೂಮಿಯಲ್ಲಿ ಕಾಣದ ಧಾತುವಿರಬೇಕೆಂಬ ನಿರ್ಣಯಕ್ಕೆ ಬಂದವನು ಲಾಕ್ಯರನು. ಗ್ರೀಕರ ಸೂರ್ಯನಾಮವಾದ ಹೀಲಿಯೋಸ್ ಎಂಬುದರಿಂದ ಹೀಲಿಯಂ ಎಂಬ ಹೆಸರು ಹುಟ್ಟಿತು. ರಸಾಯನಜ್ಞರಲ್ಲಿ ಹಲವರು ಒಪ್ಪಲಿಲ್ಲ. ಕೈಯಲ್ಲಿ ಹಿಡಿಯಲಾಗದ, ಕೇವಲ ಒಂದು ಗೆರೆಯಾಗಿ ತೋರುವ ವಸ್ತುವನ್ನು ಧಾತುವೆಂದು ನಂಬುವುದು ಹೇಗೆ?

ಇಪ್ಪತ್ತೇಳು ವರ್ಷಗಳಾದ ಬಳಿಕ, 1895ರಲ್ಲಿ, ಲಂಡನ್ನಿನ ರಾಮ್ಸೆಯು ಕ್ಲೀವೈಟ್ ಎಂಬ ಖನಿಜವನ್ನು ಆಮ್ಲದಲ್ಲಿ ಕರಗಿಸಿದನು. ಅವನು ಅರಸುತ್ತಿದ್ದುದು ಆರ್ಗಾನ್ ಅನಿಲವನ್ನು. ದೊರೆತುದು ಸೂರ್ಯನ ಆ ಹಳದಿಯ ರೇಖೆ! ಕ್ಲೀವೈಟ್ ಯುರೇನಿಯಂ ಲೋಹದ ಅದಿರು. ಆ ಲೋಹಕ್ಕೆ 1789ರಲ್ಲಿ ಕ್ಲಾಪ್ರೋಟನು ಯುರೇನಸ್ ಗ್ರಹದ ಹೆಸರನ್ನೇ ಇಟ್ಟಿದ್ದನು. ಹೀಗೆ ಮೊಮ್ಮಗನು ಜಮಖಂಡಿಯಲ್ಲಿ ಕಂಡೂ ಗುರುತಿಸಲಾರದೆ ಹೋದ ವಸ್ತುವು, ಅಜ್ಜನು ಕಂಡ ಗ್ರಹದ ಹೆಸರನ್ನು ಹೊತ್ತ ಲೋಹದ ಅದಿರಿನಲ್ಲಿಯೇ ಅಡಗಿದ್ದಿತು. ಯುರೇನಿಯಮ್ಮಿನ ಪರಮಾಣುಗಳು ತಾವಾಗಿ ಒಡೆಯುವಾಗ ಹೊರಬೀಳುವ ಕಣಗಳೇ ಹೀಲಿಯಂ ಆಗುವುವೆಂದು ರದರ್ಫರ್ಡ್ ಮತ್ತು ರಾಯ್ಡ್ಸ್ ಎಂಬವರು 1909ರಲ್ಲಿ ಪ್ರಕಟಪಡಿಸಿದ ಮೇಲೆ, ಕಲ್ಲಿನ ಹೊಟ್ಟೆಯೊಳಗೆ ಆ ಅನಿಲವು ಸೇರಿದ ಬಗೆಯೂ ತಿಳಿದುಬಂದಿತು.