ಮರಳಿನಿಂದ ಸೀಸದವರೆಗೆ

1909ರಲ್ಲಿ ಶೋಂಬರ್ಗ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞ ತಿರುವಾಂಕೂರಿನಿಂದ ಬಂದ ತೆಂಗಿನ ನಾರಿಗೆ ಅಂಟಿದ್ದ ಮರಳನ್ನು ಪರೀಕ್ಷಿಸಿದ. ಅದರಲ್ಲಿ ಮೊನಜೈಟ್ ಇತ್ತು, ಮೊನಜೈಟಿನೊಳಗೆ ಥೋರಿಯಂ. ಆಗ ಥೋರಿಯಂ ಬೇಕಾಗಿದ್ದದ್ದು ಗ್ಯಾಸ್ ದೀಪದ ಮ್ಯಾಂಟಲಿಗೆ. ಬಯಲಾಟದ ರಂಗಸ್ಥಳದಲ್ಲಿ ರಾತ್ರಿಯಿಡೀ ಭುಸುಗುಡುತ್ತಿದ್ದ ಪೆಟ್ರೋಮ್ಯಾಕ್ಸಿನ ಬೆಳಕಿಗೂ ಅದೇ ಮೂಲ.

ಸ್ವಾತಂತ್ರ್ಯ ಬಂದ ಮೇಲೆ ಅಣುಶಕ್ತಿಯ ಮಾತು ಮುಂದಾಯಿತು. ಕೊಚ್ಚಿಯ ಕಳಮಶ್ಶೇರಿಗೆ ಒತ್ತಿಕೊಂಡಿರುವ ಏಲೂರಿನಲ್ಲಿ ಮೊನಜೈಟ್ ಸಂಸ್ಕರಿಸುವ ಇಂಡಿಯನ್ ರೇರ್ ಅರ್ತ್ಸ್ ಕಾರ್ಖಾನೆ ಎದ್ದಿತು. 1952ರ ಡಿಸೆಂಬರಿನಲ್ಲಿ ನೆಹರೂ ಅದನ್ನು ದೇಶಕ್ಕೆ ಅರ್ಪಿಸಿದರು.

ದೀಪ, ಇಂಧನ ಎರಡರ ಲೆಕ್ಕಕ್ಕೂ ಬಾರದ ಒಂದು ಸಂಗತಿ ಆ ಮರಳಿನಲ್ಲಿ ನಡೆಯುತ್ತಲೇ ಇರುತ್ತದೆ. ಥೋರಿಯಂ-232 ತನ್ನಷ್ಟಕ್ಕೆ ಕ್ಷಯಿಸುತ್ತದೆ. ಅರ್ಧ ಕರಗಲು ಸುಮಾರು 1400 ಕೋಟಿ ವರ್ಷ ಬೇಕು. ಕೊನೆಗೆ ಉಳಿಯುವುದು ಸೀಸ-208. 82 ಪ್ರೋಟಾನ್, 126 ನ್ಯೂಟ್ರಾನ್.

ಎರಡೂ ಸರಿಸಮ ಇರುವುದೇ ಪರಮಾಣು ಬೀಜಕ್ಕೆ ಹಿತ. ಆದರೆ ಪ್ರೋಟಾನುಗಳು ಒಂದನ್ನೊಂದು ತಳ್ಳುವುದರಿಂದ ದೊಡ್ಡ ಬೀಜಗಳಿಗೆ ನ್ಯೂಟ್ರಾನ್ ಹೆಚ್ಚು ಬೇಕು, ಆ ಹೆಚ್ಚಳಕ್ಕೆ ಶಕ್ತಿಯ ದಂಡ ತೆರಬೇಕು. ಇದೇ ಸಮಮಿತಿ ಶಕ್ತಿ. 1935ರಲ್ಲಿ ವೈಜ್‌ಸ್ಯಾಕರ್ ಬರೆದ ಸೂತ್ರದಲ್ಲೇ ಈ ದಂಡಕ್ಕೆ ಜಾಗವಿತ್ತು. ಸಾಂದ್ರತೆ ಹೆಚ್ಚಿದಂತೆ ದಂಡ ಎಷ್ಟು ಬೇಗ ಏರುತ್ತದೆ ಎಂಬುದು ಮಾತ್ರ ಬೀಜಗಳ ತೂಕದಿಂದ ಸರಿಯಾಗಿ ತಿಳಿಯುವುದಿಲ್ಲ. ಬೇಗ ಏರುವುದಾದರೆ ಹೆಚ್ಚುವರಿ ನ್ಯೂಟ್ರಾನುಗಳು ವಿರಳವಾದ ಅಂಚಿಗೆ ಸರಿದು ಬೀಜದ ಮೇಲೆ ಚರ್ಮದಂತೆ ಹರಡುತ್ತವೆ. ಅದೇ ಒತ್ತಡ ನ್ಯೂಟ್ರಾನ್ ನಕ್ಷತ್ರವನ್ನೂ ಉಬ್ಬಿಸುತ್ತದೆ. ಒಂದು ಬೀಜದ ಅಂಚನ್ನು ಅಳೆದರೆ ನಕ್ಷತ್ರದ ಗಾತ್ರದ ಸುಳಿವು ಸಿಗುವುದು ಹೀಗೆ.

ಅಳೆಯುವುದೇ ಕಷ್ಟ. ನ್ಯೂಟ್ರಾನಿಗೆ ವಿದ್ಯುದಂಶವಿಲ್ಲ. ಆದರೆ ಎಡ-ಬಲಗಳ ನಡುವೆ ಭೇದ ಮಾಡುವ ದುರ್ಬಲ ಬಲಕ್ಕೆ ಪ್ರೋಟಾನಿಗಿಂತ ನ್ಯೂಟ್ರಾನೇ ಹೆಚ್ಚು ಕಾಣುತ್ತದೆ. ಅಮೆರಿಕದ ಜೆಫರ್ಸನ್ ಪ್ರಯೋಗಾಲಯದಲ್ಲಿ ಸೀಸ-208ರ ತೆಳು ಹಾಳೆಯನ್ನು, ಬಿಸಿಗೆ ಕರಗದಿರಲೆಂದು, ವಜ್ರದ ಪದರಗಳ ನಡುವೆ ಇಟ್ಟು ಎಡಸುತ್ತು ಮತ್ತು ಬಲಸುತ್ತಿನ ಎಲೆಕ್ಟ್ರಾನುಗಳನ್ನು ಹಾಯಿಸಿದರು. ಚದುರುವಿಕೆಯಲ್ಲಿ ಕಂಡ ವ್ಯತ್ಯಾಸ ಹತ್ತು ಲಕ್ಷದಲ್ಲಿ ಅರ್ಧ ಪಾಲಿನಷ್ಟು. (ಆ ಸೀಸ ಕೇರಳದ್ದೇನಲ್ಲ, ಬೀಜ ಮಾತ್ರ ಅದೇ.) 2021ರಲ್ಲಿ ಬಂದ ಉತ್ತರ: ಚರ್ಮದ ದಪ್ಪ 0.28 ಫೆಮ್ಟೋಮೀಟರ್, ಅನೇಕರು ಎಣಿಸಿದ್ದಕ್ಕಿಂತ ಹೆಚ್ಚು.

ಮರುವರ್ಷ ಅಲ್ಲಿಯೇ ಕ್ಯಾಲ್ಸಿಯಂ-48ರ ಅಳತೆ ಬಂತು: ಬರೀ 0.12. ಸೀಸಕ್ಕೆ ಹೊಂದುವ ಸಿದ್ಧಾಂತ ಕ್ಯಾಲ್ಸಿಯಂನಲ್ಲಿ ಎಡವುತ್ತದೆ, ಕ್ಯಾಲ್ಸಿಯಂಗೆ ಹೊಂದುವುದು ಸೀಸದಲ್ಲಿ. ಸೀಸದ ಅಳತೆಯಲ್ಲಿ ಅನಿಶ್ಚಿತತೆ ದೊಡ್ಡದೇ ಇರುವುದರಿಂದ ಸದ್ಯಕ್ಕೆ ಯಾವುದನ್ನೂ ತಳ್ಳಿಹಾಕುವಂತಿಲ್ಲ. ಜರ್ಮನಿಯ ಮೈನ್ಜ್ ನಗರದಲ್ಲಿ ಸೀಸ-208ನ್ನು ಇನ್ನಷ್ಟು ನಿಖರವಾಗಿ ಅಳೆಯಲು ಹೊಸ ವೇಗವರ್ಧಕವೊಂದನ್ನು ಕಟ್ಟುತ್ತಿದ್ದಾರೆ.