ಟಿಕೆಟ್ಟಿಲ್ಲದ ರಾಜಧಾನಿ

ಬೇಸಿಗೆ ರಜೆ ಬಂತೆಂದರೆ ನಮ್ಮ ಕಡೆಯ ಮನೆಗಳಲ್ಲಿ ಎಲ್ಲಿಗಾದರೂ ಹೋಗಿಬರೋಣ ಎಂಬ ಮಾತು ಏಳುತ್ತದೆ. ಎಲ್ಲಿಗಾದರೂ ಎಂದರೆ ಬೆಂಗಳೂರು, ಇಲ್ಲವಾದರೆ ಮೈಸೂರು, ಶ್ರೀರಂಗಪಟ್ಟಣ. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡಗಳಿಂದ ಬೆಳಗಿನ ಜಾವಕ್ಕೇ ವ್ಯಾನು ಹೊರಡುತ್ತದೆ. ಪುಳಿಯೋಗರೆ, ಮೊಸರನ್ನ ಕಟ್ಟುವವರು ನಾವು. ಮಾತ್ರೆ, ಟವಲು, ಮಗುವಿನ ಇನ್ನೊಂದು ಜೊತೆ ಬಟ್ಟೆ ನೆನಪಿಡುವವರೂ ನಾವೇ. ರಾತ್ರಿ ಮನೆಗೆ ಬಂದು ಪರ್ಸು ಬಿಚ್ಚಿ ಲೆಕ್ಕ ಹಾಕಿದರೆ ಟಿಕೆಟ್ಟಿಗೆಂದು ಹೋದದ್ದು ಹೆಚ್ಚೇನಲ್ಲ. ಗಾಡಿ ನಿಲ್ಲಿಸುವುದಕ್ಕೆ, ಚಪ್ಪಲಿ ಬಿಡುವುದಕ್ಕೆ, ಫೋಟೋದವನಿಗೆ, ಕುದುರೆ ಸವಾರಿಗೆ, ಉಪ್ಪುಖಾರ ಹಚ್ಚಿದ ಮಾವಿನಕಾಯಿ ಹೋಳಿಗೆ ಎಂದು ಚಿಲ್ಲರೆಯಾಗಿ ಹೋದದ್ದೇ ಸಾವಿರ ದಾಟಿರುತ್ತದೆ. ಏನು ನೋಡಿದಿರಿ ಎಂದು ಅತ್ತೆಯವರು ಕೇಳಿದರೆ ಜನವನ್ನು ನೋಡಿದೆವು ಎಂದೇ ಹೇಳಬೇಕಾಗುತ್ತದೆ.

ಲಾಲ್‌ಬಾಗನ್ನಾಗಲಿ ದರಿಯಾ ದೌಲತ್ತನ್ನಾಗಲಿ ನೋಡಬೇಡಿ ಎಂದು ನಾನು ಹೇಳುತ್ತಿಲ್ಲ. ಚೆಂದವಾಗಿಯೇ ಇವೆ. ಆದರೆ ಇಷ್ಟು ಖರ್ಚು ಮಾಡಿ ನಾವು ನೋಡಿಬರುವುದು ನಮ್ಮದೇ ಜಿಲ್ಲೆಯ ಒಂದು ಊರಿನ ನಕಲನ್ನು ಎಂಬುದು ಎಷ್ಟು ಜನಕ್ಕೆ ಗೊತ್ತು? ಶಿರಾದಲ್ಲಿ ದಿಲಾವರ್ ಖಾನ್ ಕಟ್ಟಿಸಿದ ಅರಮನೆಯ ಅಂದವನ್ನು ಕಂಡೇ ಹೈದರ್ ಮತ್ತು ಟಿಪ್ಪು ಬೆಂಗಳೂರು, ಶ್ರೀರಂಗಪಟ್ಟಣಗಳ ತಮ್ಮ ಅರಮನೆಗಳಿಗೆ ಅದನ್ನು ಮಾದರಿಯಾಗಿ ಇಟ್ಟುಕೊಂಡರು, ಶಿರಾದ ಖಾನ್‌ಬಾಗ್ ತೋಟವೇ ಲಾಲ್‌ಬಾಗಿಗೆ ಪ್ರೇರಣೆ ಎಂದು ಬಿ.ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್ ಹೇಳುತ್ತದೆ. ನಕಲುಗಳು ಉಳಿದುಕೊಂಡವು, ಅವುಗಳ ಬಾಗಿಲಲ್ಲಿ ಸಾಲು ನಿಂತಿದೆ. ಅಸಲಿನ ಅರಮನೆ ನೆಲಸಮವಾಗಿದೆ.

ಶಿರಾ ಎಂದರೆ ನಮಗೆ ಹೆದ್ದಾರಿಯಲ್ಲಿ ಬಸ್ಸು ನಿಲ್ಲುವ ಊರು, ಕಡಲೆಕಾಯಿಯ ಊರು. ಅದು ಒಂದು ಕಾಲಕ್ಕೆ ರಾಜಧಾನಿಯಾಗಿತ್ತು. ಊರನ್ನು ಕಟ್ಟಲು ತೊಡಗಿದವನು ರತ್ನಗಿರಿಯ ಪಾಳೆಯಗಾರ ಕಸ್ತೂರಿ ರಂಗಪ್ಪ ನಾಯಕ. ಕೋಟೆ ಮುಗಿಯುವ ಮೊದಲೇ, 1638ರಲ್ಲಿ, ಬಿಜಾಪುರದ ಸೇನಾಪತಿ ರಣದುಲ್ಲಾ ಖಾನ್ ಅದನ್ನು ಕಿತ್ತುಕೊಂಡ. ಅರ್ಧ ಎದ್ದ ಮನೆಯನ್ನು ಬೇರೆಯವರು ಬಂದು ಪೂರ್ತಿ ಮಾಡಿ ಗೃಹಪ್ರವೇಶ ಮಾಡಿಕೊಂಡ ಹಾಗಾಯಿತು. 1687ರಲ್ಲಿ ಔರಂಗಜೇಬನ ಸರದಾರ ಖಾಸಿಂ ಖಾನ್ ಬಂದ ಮೇಲೆ ಶಿರಾ ಮೊಗಲರ ಹೊಸ ಸುಬೆಗೆ ರಾಜಧಾನಿಯಾಯಿತು. ಬಸವಾಪಟ್ಟಣ, ಬೂದಿಹಾಳು, ಶಿರಾ, ಪೆನುಕೊಂಡೆ, ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರ, ಹೀಗೆ ಏಳು ಪರಗಣೆಗಳು ಅದಕ್ಕೆ ಸೇರಿದ್ದವು. ಕಪ್ಪ ಕೊಡಬೇಕಾದ ಸಂಸ್ಥಾನಗಳ ಪಟ್ಟಿಯಲ್ಲಿ ಚಿತ್ರದುರ್ಗ, ಬಿದನೂರು ಇದ್ದವು, ಮೈಸೂರೂ ಇತ್ತು. ಮೈಸೂರು ಶಿರಾಕ್ಕೆ ಕಪ್ಪ ಕೊಡುವ ಪಟ್ಟಿಯಲ್ಲಿತ್ತು ಎಂದರೆ ಈಗ ನಗು ಬರಬಹುದು. ಸುಮಾರು 70 ವರ್ಷ ಶಿರಾದ ಗತ್ತು ಹಾಗೆಯೇ ನಡೆಯಿತು.

ಹೈದರನ ಬಾಲ್ಯವೂ ಈ ಊರಿಗೆ ಗಂಟುಬಿದ್ದಿದೆ. ಅವನ ತಂದೆ ಫತೇ ಮಹಮ್ಮದ್ ಶಿರಾದ ಸುಬೇದಾರನ ಸೇವೆಯಲ್ಲಿದ್ದವನು. ಸುಬೇದಾರಿಕೆಗಾಗಿ ನಡೆದ ಜಗಳದಲ್ಲಿ ಸತ್ತ. ಆಗ ಅವನ ಹೆಂಡತಿ ಮಕ್ಕಳು ದೊಡ್ಡಬಳ್ಳಾಪುರದಲ್ಲಿದ್ದರು. ಗಂಡ ಬಾಕಿ ಉಳಿಸಿಹೋಗಿದ್ದಾನೆ ಎಂಬ ನೆಪ ಮಾಡಿ ಅಲ್ಲಿನ ಅಬ್ಬಾಸ್ ಕುಲಿ ಖಾನ್ ವಿಧವೆಯ ಮನೆಯನ್ನು ದೋಚಿದ. ಅಷ್ಟಕ್ಕೇ ಬಿಡದೆ ಶಹಬಾಜ್, ಹೈದರ್ ಎಂಬ ಇಬ್ಬರು ಚಿಕ್ಕ ಮಕ್ಕಳನ್ನು ನಗಾರಿಯೊಳಗೆ ಕೂರಿಸಿ, ಚರ್ಮ ಬಿಗಿಸಿ ಹೊಡೆಸಿದನೆಂದು ವಿಲ್ಕ್ಸ್ ಬರೆಯುತ್ತಾನೆ. ತಾಯಿ ಬಚ್ಚಿಟ್ಟದ್ದೇನಾದರೂ ಇದ್ದರೆ ಹೊರಬರಲಿ ಎಂದು. ಇದ್ದುದನ್ನೆಲ್ಲ ಕೊಟ್ಟು ಆ ತಾಯಿ ಮಕ್ಕಳನ್ನು ಕಟ್ಟಿಕೊಂಡು ಬೆಂಗಳೂರಿಗೆ, ಅಲ್ಲಿಂದ ಶ್ರೀರಂಗಪಟ್ಟಣಕ್ಕೆ ಹೋದಳು. ನಮ್ಮ ಶಾಲೆಯ ಪಾಠದಲ್ಲಿ ಹೈದರ್ ಕುದುರೆಯ ಮೇಲೆಯೇ ಬರುತ್ತಿದ್ದ. ಈ ತಾಯಿಯ ವಿಷಯ ಒಂದು ಸಾಲೂ ಇರಲಿಲ್ಲ.

ಆ ಮಗುವೇ 1761ರಲ್ಲಿ ಶಿರಾದ ನವಾಬನೆನಿಸಿಕೊಂಡ. ಬಿರುದು ಕೊಟ್ಟವನು ನಿಜಾಮನ ತಮ್ಮ ಬಸಾಲತ್ ಜಂಗ್, ಅದಕ್ಕೆ ಕಟ್ಟಿದ ಬೆಲೆ 3 ಲಕ್ಷ ರೂಪಾಯಿ. ತಮಾಷೆಯೆಂದರೆ ಆಗ ಶಿರಾ ಬಸಾಲತ್ ಜಂಗನ ಕೈಯಲ್ಲಿ ಇರಲೇ ಇಲ್ಲ, ಮರಾಠರ ಕೈಯಲ್ಲಿತ್ತು. ತನ್ನದಲ್ಲದ ಊರನ್ನು ಮಾರಿದವನು ಅವನು, ದುಡ್ಡು ಕೊಟ್ಟು ಆಮೇಲೆ ಯುದ್ಧ ಮಾಡಿ ಗೆದ್ದುಕೊಂಡವನು ಹೈದರ್. ಪ್ರವಾಸಿ ತಾಣಗಳಲ್ಲಿ ನಮ್ಮಿಂದ ಎರಡೆರಡು ಸಲ ದುಡ್ಡು ಕೀಳುವವರನ್ನು ಕಂಡಾಗಲೆಲ್ಲ ನನಗೆ ಬಸಾಲತ್ ಜಂಗ್ ನೆನಪಾಗುತ್ತಾನೆ. ಹೈದರ್ ಬರುತ್ತಾನೆಂಬ ಸುದ್ದಿ ಕೇಳಿ ಅಬ್ಬಾಸ್ ಕುಲಿ ಖಾನ್ ಮದರಾಸಿನ ಕಡೆಗೆ ಓಡಿದ.

ಶಿರಾದ ಐಸಿರಿ ಅಲ್ಲಿಂದ ಮುಂದೆ ಬಹಳ ದಿನ ನಡೆಯಲಿಲ್ಲ. 1766ರಲ್ಲಿ ಮತ್ತೆ ಮರಾಠರು, 1774ರಲ್ಲಿ ಟಿಪ್ಪು. ದಿಲಾವರ್ ಖಾನನ ಕಾಲದಲ್ಲಿ ಅಲ್ಲಿ 50,000 ಮನೆಗಳಿದ್ದವೆಂದು ಹೇಳುತ್ತಾರೆ. ಆ ಲೆಕ್ಕ ನನಗೆ ಸ್ವಲ್ಪ ಹೆಚ್ಚಾಗಿಯೇ ಕಾಣುತ್ತದೆ. ಆದರೆ ಇನ್ನೊಂದು ಲೆಕ್ಕವಿದೆ, ಅದನ್ನು ಓದಿದ ಮೇಲೆ ಮರೆಯುವುದಕ್ಕಾಗಲಿಲ್ಲ. ಶ್ರೀರಂಗಪಟ್ಟಣದ ಪಕ್ಕದಲ್ಲಿ ಗಂಜಾಂ ಎಂಬ ಹೊಸ ಪೇಟೆಯನ್ನು ತುಂಬಿಸಲು ಟಿಪ್ಪು ಶಿರಾದಿಂದ 12,000 ಕುಟುಂಬಗಳನ್ನು ಬಲವಂತವಾಗಿ ಎಬ್ಬಿಸಿ ಕಳುಹಿಸಿದನಂತೆ. ಈ ಸಂಖ್ಯೆಯಲ್ಲಿ ಅರ್ಧವನ್ನೇ ನಂಬಿದರೂ 6,000 ಒಲೆಗಳು ಆರಿದವು. ಬೀಸುವ ಕಲ್ಲನ್ನು ಗಾಡಿಗೆ ಏರಿಸಲಾದೀತೆ? ಕಟ್ಟಿದ ಹಸುವನ್ನು ಯಾರಿಗೆ ಒಪ್ಪಿಸಿ ಹೋದರು? ತುಂಬಿದ ಬಸುರಿಯರು ಅಷ್ಟು ದೂರದ ದಾರಿ ಹೇಗೆ ಕಳೆದರು? ಬಾಡಿಗೆ ಮನೆ ಬದಲಿಸುವುದಕ್ಕೇ ತಿಂಗಳುಗಟ್ಟಲೆ ಹೈರಾಣಾಗುವ ನಮಗೆ ಇದನ್ನು ಊಹಿಸುವುದು ಕಷ್ಟವಲ್ಲ. ಇತಿಹಾಸ ಬರೆದವರು ಕುಟುಂಬಗಳನ್ನು ಎಣಿಸಿ ಮುಂದಿನ ಸಾಲಿಗೆ ಹೋದರು.

ಅದೇ ಗಂಜಾಮಿನಲ್ಲಿ ಈಗ ನಾವು ಹರಕೆ ಹೊತ್ತು ಹೋಗುವ ನಿಮಿಷಾಂಬೆಯ ಗುಡಿಯಿದೆ. ಶಿರಾ ಕಡೆಯ ಹೆಣ್ಣುಮಕ್ಕಳು ವ್ಯಾನು ಮಾಡಿಕೊಂಡು ಹೋಗಿ ಸಾಲಿನಲ್ಲಿ ನಿಂತು ಬರುತ್ತಾರೆ. ತಮ್ಮೂರಿನಿಂದಲೇ ಎದ್ದುಹೋದವರ ಪೇಟೆಯಲ್ಲಿ ನಿಂತಿದ್ದೇವೆ ಎಂಬುದು ಯಾರಿಗೆ ತಾನೆ ಹೊಳೆದೀತು!

ಮಗಳ ಬಾಣಂತನಕ್ಕೆಂದು ಲಂಡನ್ನಿಗೂ ಹೋಗಿಬರುವ ಕಾಲ ಇದು. ನನ್ನ ಪರಿಚಯದವರೊಬ್ಬರು ಹಾಗೆ ಹೋಗಿದ್ದಾಗ ಅಳಿಯ ಲಂಡನ್ ಟವರ್ ತೋರಿಸಿದರಂತೆ. ತಲೆಗೆ 30 ಪೌಂಡಿಗೂ ಮೇಲೆ. ನಮ್ಮ ರೂಪಾಯಿಗೆ ತಿರುಗಿಸಿಕೊಂಡು ಆಕೆಗೆ ಅಲ್ಲಿ ಏನೂ ಕಾಣಿಸಲಿಲ್ಲವಂತೆ. ಅಂಥ ಊರಿನಲ್ಲೂ ಹುಡುಕಿದರೆ ಪುಕ್ಕಟೆ ಬಾಗಿಲುಗಳಿವೆ. ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯಕ್ಕೆ ಪ್ರವೇಶ ಶುಲ್ಕವಿಲ್ಲ. ಸಿಪಾಯಿಯ ಮೇಲೆ ಎರಗಿ ಕೂತ ಟಿಪ್ಪುವಿನ ಮರದ ಹುಲಿ ಇರುವುದು ಅಲ್ಲಿಯೇ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಹೊತ್ತೊಯ್ದದ್ದು, 1808ರಿಂದ ಲಂಡನ್ನಿನ ಜನ ನೋಡುತ್ತ ಬಂದದ್ದು. ನಮ್ಮಲ್ಲಿಂದ ತೆಗೆದುಕೊಂಡು ಹೋದದ್ದನ್ನು ನಮಗೆ ತೋರಿಸಲು ದುಡ್ಡು ಕೇಳುವುದಿಲ್ಲ, ಅಷ್ಟರಮಟ್ಟಿಗೆ ಅವರು ದೊಡ್ಡವರು.

ಶಿರಾದಲ್ಲಿ ಉಳಿದದ್ದು ಮುಖ್ಯವಾಗಿ ಮೂರು: ಪಾಳುಬಿದ್ದ ಕೋಟೆ, ಬಿಜಾಪುರದ ಸುಬೇದಾರನಾಗಿದ್ದ ಮಲಿಕ್ ರಿಹಾನನ ಗೋರಿ, ಮತ್ತು ಜುಮ್ಮಾ ಮಸೀದಿ. ಗೋರಿ 1651ರದು, ಮಸೀದಿ 1696ರದು. ಮಸೀದಿ ಕಟ್ಟಿರುವುದು ಒಪ್ಪವಾಗಿ ಕಡೆದ ಕಲ್ಲಿನಲ್ಲಿ. ನಮ್ಮ ಕಡೆಯ ಕಲ್ಲುಕುಟಿಗರ ಕೈ ಎಂಥದೆಂದು ತಿಳಿಯಬೇಕಾದರೆ ಅದನ್ನು ನೋಡಬೇಕು. ಟಿಕೆಟ್ಟಿನ ಕಿಂಡಿಯಿಲ್ಲ, ಗೈಡಿಲ್ಲ, ಸಾಲಿಲ್ಲ. ಬೆಳಿಗ್ಗೆ ಹತ್ತರೊಳಗೆ ಹೋಗಬೇಕು, ಬರಿಗಾಲಿಗೆ ಮಧ್ಯಾಹ್ನದ ಕಲ್ಲು ಸುಡುತ್ತದೆ. ಶುಕ್ರವಾರ ಮಧ್ಯಾಹ್ನ ನಮಾಜಿನ ಹೊತ್ತು ಬೇಡ. ಅಲ್ಲಿರುವ ಹಿರಿಯರನ್ನು ಒಂದು ಮಾತು ಕೇಳಿ, ತಲೆಯ ಮೇಲೆ ಸೆರಗು ಹೊದ್ದು ನಿಂತರೆ ನಮ್ಮ ಮರ್ಯಾದೆಯೂ ಉಳಿಯುತ್ತದೆ, ಅವರದೂ.

ಮಧುಗಿರಿಯ ವಿಷಯಕ್ಕೆ ಬಂದರೆ, ಎಲ್ಲರೂ ಹೇಳುವುದು ಅದರ ಏಕಶಿಲೆಯ ಬೆಟ್ಟದ ಎತ್ತರವನ್ನು. ನನಗೆ ಆ ಬೆಟ್ಟ ಕಂಡರೆ ನೆನಪಾಗುವುದು ಬಿದನೂರಿನ ರಾಣಿ ವೀರಮ್ಮಾಜಿ. 1763ರಲ್ಲಿ ಹೈದರ್ ಬಿದನೂರನ್ನು ಗೆದ್ದು ರಾಣಿಯನ್ನೂ ಅವಳ ದತ್ತುಮಗನನ್ನೂ ಸೆರೆಹಿಡಿದು ಈ ಕೋಟೆಗೆ ಕಳುಹಿಸಿದ. ಮಲೆನಾಡಿನ ಮಳೆ ಹಸಿರಿನಲ್ಲಿ ಆಳಿದವಳಿಗೆ ನಮ್ಮ ಈ ಬಿಸಿಲಿನ ಬಂಡೆ. ನಾಲ್ಕು ವರ್ಷ ಕಳೆದ ಮೇಲೆ, 1767ರಲ್ಲಿ, ಪೇಶ್ವೆ ಮಾಧವರಾಯ ಕೋಟೆಯನ್ನು ಹಿಡಿದು ಅವಳನ್ನು ಬಿಡಿಸಿದ. ಪುಣೆಗೆ ಹೊರಟವಳು ಪುಣೆ ಮುಟ್ಟಲಿಲ್ಲ, ದಾರಿಯಲ್ಲೇ ತೀರಿಕೊಂಡಳು. ಹೈದರನ ತಾಯಿಯ ಕಷ್ಟಕ್ಕೆ ಮರುಗಿದ ಕೂಡಲೇ ಹೈದರನಿಂದ ಈ ಹೆಂಗಸಿಗೆ ಬಂದದ್ದನ್ನೂ ಹೇಳಬೇಕಾಗುತ್ತದೆ. ಬೆಟ್ಟ ಹತ್ತಲು ಹೋದವರು ಮೇಲೇರಿದಂತೆ ಕೊರೆದ ಮೆಟ್ಟಿಲು ಸಣ್ಣದಾಗುತ್ತದೆ ಎಂಬುದನ್ನು ನೆನಪಿಡಿ. ಮಂಡಿನೋವಿನವರಿಗೆ ಕೆಳಗಿನ ವೆಂಕಟರಮಣ, ಮಲ್ಲೇಶ್ವರ ದೇವಸ್ಥಾನಗಳೇ ಸಾಕು.

ಕೊರಟಗೆರೆಗೆ ನಾವು ಹೋಗುವುದು ಗೊರವನಹಳ್ಳಿಯ ಲಕ್ಷ್ಮಿಗಾಗಿ, ಪಾವಗಡಕ್ಕೆ ಶನಿಮಹಾತ್ಮನಿಗಾಗಿ. ಶುಕ್ರವಾರ, ಶನಿವಾರಗಳ ನೂಕುನುಗ್ಗಲು ನಿಮಗೆ ಗೊತ್ತೇ ಇದೆ. ಪೂಜೆ ಮುಗಿಸಿ ಹಾಗೆಯೇ ಹಿಂದಿರುಗುವ ಬದಲು ಒಂದು ಕಡೆ ಚನ್ನರಾಯನದುರ್ಗವನ್ನು, ಇನ್ನೊಂದು ಕಡೆ ನಿಡಗಲ್ಲನ್ನು ನೋಡಿಬರಬಹುದು. ಎರಡೂ ಹಳೆಯ ದುರ್ಗಗಳು, ಎರಡೂ ಕಡೆ ನೀರು, ತಿಂಡಿ ನಾವೇ ಒಯ್ಯಬೇಕು.

ಮಕ್ಕಳು ಕಲ್ಲು ನೋಡಿ ಬೇಸತ್ತರೆ ಶಿರಾಕ್ಕೆ ಸಮೀಪದ ಕಗ್ಗಲಡುವಿಗೆ ಕರೆದೊಯ್ಯಿರಿ. ಊರ ನಡುವಿನ ಹುಣಿಸೆಮರಗಳ ಮೇಲೆ ಬಣ್ಣದ ಕೊಕ್ಕರೆಗಳು, ಬೂದು ಬಕಗಳು ಗೂಡು ಕಟ್ಟುತ್ತವೆ. ಬೇಸಿಗೆ ರಜೆಯ ಹೊತ್ತಿಗೆ ಮರಿಗಳೂ ಇರುತ್ತವೆ. ಊರಿನವರು ಹಕ್ಕಿಗಳನ್ನು ತಮ್ಮ ಮನೆಯ ಮಕ್ಕಳ ಹಾಗೆ ಕಾಯುತ್ತಾರೆ, ಅಲ್ಲಿ ಗಲಾಟೆ ಮಾಡುವಂತಿಲ್ಲ. ಮರದ ಕೆಳಗೆ ಬುತ್ತಿ ಬಿಚ್ಚಬೇಡಿ, ಮೇಲಿನಿಂದ ಹಿಕ್ಕೆ ಬೀಳುತ್ತದೆ. ಸ್ವಲ್ಪ ದೂರ ಸರಿದು ಯಾವುದಾದರೂ ಮನೆಯ ಜಗಲಿಯಲ್ಲಿ ಕೂತರೆ ಊರ ಹೆಂಗಸರು ಕುಡಿಯಲು ನೀರು ತಂದುಕೊಡುತ್ತಾರೆ, ಯಾವೂರಮ್ಮ ಎಂದು ಕೇಳುತ್ತಾರೆ.