ಆರೋಗ್ಯ ತಪಾಸಣೆ: ಯಾವುದು ಅಗತ್ಯ, ಯಾರಿಗೆ?

ಯಾವುದೇ ರೋಗಲಕ್ಷಣವಿಲ್ಲದ ವ್ಯಕ್ತಿಯಲ್ಲಿ ಅಡಗಿರಬಹುದಾದ ಕಾಯಿಲೆಯನ್ನು ಹುಡುಕುವುದೇ ಮುಂಜಾಗ್ರತಾ ತಪಾಸಣೆ. ಬೇಗ ಪತ್ತೆಯಾದಷ್ಟೂ ಒಳ್ಳೆಯದೆಂಬ ನಂಬಿಕೆಯಿಂದ ನಗರವಾಸಿಗಳು 'ಫುಲ್ ಬಾಡಿ ಚೆಕಪ್' ಮಾಡಿಸಿಕೊಳ್ಳುತ್ತಾರೆ. ಆದರೆ ತಪಾಸಣೆಯನ್ನು ಶಿಫಾರಸು ಮಾಡುವ ಮುನ್ನ ವೈದ್ಯಶಾಸ್ತ್ರವು ಕೇಳುವ ಪ್ರಶ್ನೆ ಒಂದೇ: ಇದರಿಂದ ಜೀವ ಉಳಿಯುವುದೇ?

ಹತ್ತು ಸೂತ್ರಗಳು

ವಿಶ್ವ ಆರೋಗ್ಯ ಸಂಸ್ಥೆಗಾಗಿ ವಿಲ್ಸನ್ ಮತ್ತು ಯುಂಗ್ನರ್ 1968ರಲ್ಲಿ ರೂಪಿಸಿದ 10 ಸೂತ್ರಗಳು ಇಂದಿಗೂ ಈ ನಿರ್ಧಾರಕ್ಕೆ ಬುನಾದಿಯಾಗಿವೆ. ರೋಗವು ಗಂಭೀರವಾಗಿರಬೇಕು, ಲಕ್ಷಣಗಳು ಕಾಣಿಸುವ ಮೊದಲೇ ಅದನ್ನು ಗುರುತಿಸಲು ಸಾಧ್ಯವಿರಬೇಕು, ಪರೀಕ್ಷೆಯು ಜನರಿಗೆ ಒಪ್ಪಿಗೆಯಾಗಬೇಕು, ಪತ್ತೆಯಾದವರಿಗೆ ಚಿಕಿತ್ಸೆ ದೊರೆಯಬೇಕು, ವೆಚ್ಚವು ಹಿತಮಿತವಾಗಿರಬೇಕು ಎಂಬುವು ಅವುಗಳಲ್ಲಿ ಮುಖ್ಯವಾದವು.

ಲೆಕ್ಕದ ತೊಡಕು

ಸಾವಿರ ಜನರಲ್ಲಿ ಒಬ್ಬರಿಗಷ್ಟೇ ಇರುವ ರೋಗವೊಂದನ್ನು ಊಹಿಸಿಕೊಳ್ಳಿ. ಆರೋಗ್ಯವಂತರಲ್ಲಿ ಶೇ. 5ರಷ್ಟು ಮಂದಿಯನ್ನು ತಪ್ಪಾಗಿ ರೋಗಿಗಳೆಂದು ತೋರಿಸುವ ಪರೀಕ್ಷೆಯನ್ನು ಎಲ್ಲರಿಗೂ ಮಾಡಿದರೆ, ಒಬ್ಬ ನಿಜವಾದ ರೋಗಿಯ ಜೊತೆಗೆ ಸುಮಾರು 50 ಮಂದಿ ಅನಗತ್ಯ ಆತಂಕಕ್ಕೆ, ಮರುಪರೀಕ್ಷೆಗಳಿಗೆ ಒಳಗಾಗುತ್ತಾರೆ. ಆದ್ದರಿಂದಲೇ ವಯಸ್ಸು, ಕುಟುಂಬದ ಹಿನ್ನೆಲೆ, ತಂಬಾಕು ಸೇವನೆಯಂತಹ ಅಂಶಗಳನ್ನು ನೋಡಿ, ಅಪಾಯ ಹೆಚ್ಚಿರುವವರಿಗೆ ಮಾತ್ರ ಹಲವು ಪರೀಕ್ಷೆಗಳನ್ನು ಸೂಚಿಸಲಾಗುತ್ತದೆ.

ಪತ್ತೆಯಾದದ್ದೆಲ್ಲ ಪ್ರಾಣಾಂತಕವೂ ಅಲ್ಲ. ದಕ್ಷಿಣ ಕೊರಿಯಾದಲ್ಲಿ 1999ರಲ್ಲಿ ರಾಷ್ಟ್ರೀಯ ಕ್ಯಾನ್ಸರ್ ತಪಾಸಣೆ ಆರಂಭವಾದ ಬಳಿಕ, ಅದರ ಪಟ್ಟಿಯಲ್ಲಿರದ ಥೈರಾಯ್ಡ್ ಅಲ್ಟ್ರಾಸೌಂಡ್ ಪರೀಕ್ಷೆಯನ್ನೂ ಆಸ್ಪತ್ರೆಗಳು ಕಡಿಮೆ ದರದಲ್ಲಿ ಜೊತೆಗೂಡಿಸಿದವು. 2011ರ ವೇಳೆಗೆ ಥೈರಾಯ್ಡ್ ಕ್ಯಾನ್ಸರ್ ಪತ್ತೆಯಾಗುವ ಪ್ರಮಾಣ 1993ರಲ್ಲಿದ್ದುದರ 15 ಪಟ್ಟಾಯಿತು. ಸಾವಿನ ಪ್ರಮಾಣ ಮಾತ್ರ ಇಳಿಯಲಿಲ್ಲ. ಗ್ರಂಥಿಯನ್ನೇ ತೆಗೆಸಿಕೊಂಡವರು ಜೀವನಪರ್ಯಂತ ಹಾರ್ಮೋನ್ ಮಾತ್ರೆ ಸೇವಿಸಬೇಕಾಯಿತು.

ಸರಳ ಪರೀಕ್ಷೆ, ದೊಡ್ಡ ಫಲ

ಇದಕ್ಕೆ ವ್ಯತಿರಿಕ್ತವಾದ ಉದಾಹರಣೆ ನಮ್ಮ ದೇಶದಲ್ಲೇ ಇದೆ. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯು ಕೊಳೆಗೇರಿಗಳ ಸುಮಾರು 1.5 ಲಕ್ಷ ಮಹಿಳೆಯರನ್ನು ಒಳಗೊಂಡ ಅಧ್ಯಯನ ನಡೆಸಿತು. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಗರ್ಭಕಂಠಕ್ಕೆ ಅಸಿಟಿಕ್ ಆಮ್ಲ ಸವರಿ ಬರಿಗಣ್ಣಿನಿಂದ ಪರೀಕ್ಷಿಸಿದರು. ತಪಾಸಣೆಗೊಳಗಾದ ಗುಂಪಿನಲ್ಲಿ ಗರ್ಭಕಂಠ ಕ್ಯಾನ್ಸರ್ ಸಾವುಗಳು ಶೇ. 31ರಷ್ಟು ಕಡಿಮೆಯಾದುದು 2013ರಲ್ಲಿ ಪ್ರಕಟವಾಯಿತು. ಕೇರಳದ ತಿರುವನಂತಪುರ ಜಿಲ್ಲೆಯ ಅಧ್ಯಯನದಲ್ಲಿ ಬಾಯಿಯ ತಪಾಸಣೆಯಿಂದ ತಂಬಾಕು ಅಥವಾ ಮದ್ಯ ಸೇವಿಸುವವರಲ್ಲಿ ಬಾಯಿ ಕ್ಯಾನ್ಸರ್ ಸಾವುಗಳು ತಗ್ಗಿದ್ದು 2005ರಲ್ಲಿ ವರದಿಯಾಗಿತ್ತು.

ಕೇಂದ್ರ ಆರೋಗ್ಯ ಸಚಿವಾಲಯದ 2016ರ ಮಾರ್ಗಸೂಚಿಯು 30 ವರ್ಷ ದಾಟಿದವರಿಗೆ ರಕ್ತದೊತ್ತಡ, ಮಧುಮೇಹ ಹಾಗೂ ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್‌ಗಳ ತಪಾಸಣೆಯನ್ನು ಸೂಚಿಸಿತು.

ಮಾರ್ಗಸೂಚಿಗಳು ಬದಲಾಗುತ್ತವೆ

ಹೊಸ ಪುರಾವೆ ದೊರೆತಂತೆ ಸಲಹೆಗಳೂ ಬದಲಾಗುತ್ತವೆ. ಅಮೆರಿಕದ ತಜ್ಞರ ಕಾರ್ಯಪಡೆಯು ಪ್ರಾಸ್ಟೇಟ್ ಕ್ಯಾನ್ಸರ್ ಪತ್ತೆಗಾಗಿ ಮಾಡುವ ಪಿಎಸ್‌ಎ ರಕ್ತಪರೀಕ್ಷೆ ಬೇಡವೆಂದು 2012ರಲ್ಲಿ ಹೇಳಿತು. 2018ರಲ್ಲಿ 55ರಿಂದ 69 ವರ್ಷದವರು ವೈದ್ಯರೊಡನೆ ಚರ್ಚಿಸಿ ನಿರ್ಧರಿಸಲಿ ಎಂದಿತು.

ಪರೀಕ್ಷೆಗೆ ಮುನ್ನ ವೈದ್ಯರನ್ನು ಕೇಳಬೇಕಾದ ಪ್ರಶ್ನೆಗಳು ಮೂರು. ನನ್ನ ವಯಸ್ಸಿನವರಿಗೆ ಇದರಿಂದ ಪ್ರಯೋಜನವಾಗಿರುವುದಕ್ಕೆ ಪುರಾವೆ ಇದೆಯೇ? ಫಲಿತಾಂಶ ಅಸಹಜವಾಗಿದ್ದರೆ ಮುಂದೇನು? ಮಾಡಿಸದಿದ್ದರೆ ಅಪಾಯವೆಷ್ಟು? ಆದರೆ ಈ ವಿವೇಚನೆಯೆಲ್ಲ ಆರೋಗ್ಯವಂತರಿಗಷ್ಟೇ. ಗಂಟು, ರಕ್ತಸ್ರಾವ, ವಾಸಿಯಾಗದ ಹುಣ್ಣು ಕಂಡುಬಂದರೆ ವಿಳಂಬ ಮಾಡದೆ ವೈದ್ಯರನ್ನು ಕಾಣುವುದೇ ಸರಿಯಾದ ಕ್ರಮ.